ಉದ್ರಿ ಕೊಡದ ನೀರು

ಬೆಂಗಳೂರಿನಲ್ಲಿ ಮಣ್ಣನ್ನೂ ದುಡ್ಡು ಕೊಟ್ಟು ತರಬೇಕು. ನರ್ಸರಿಯವನು ಅದನ್ನು ಹಳೇ ಸಿಮೆಂಟ್ ಚೀಲಕ್ಕೆ ತುಂಬಿ, ಮೇಲೆ ಎರಡು ಬೊಗಸೆ ಗೊಬ್ಬರ ಉದುರಿಸಿ, ಬಾಯಿ ಕಟ್ಟಿ ಕೊಡುತ್ತಾನೆ. ಮೂರನೇ ಮಹಡಿಗೆ ಸಾಗಿಸುವ ಹೊತ್ತಿಗೆ ಲಿಫ್ಟು, ಕಾರಿಡಾರು, ನಮ್ಮ ಮರ್ಯಾದೆ ಮೂರೂ ಕೆಂಪಾಗಿರುತ್ತವೆ. ಕುಂಡಕ್ಕೆ ನೀರು ಹಾಕಿದರೋ, ಕೆಳಗಿನ ಮನೆಯವರು ಒಣಹಾಕಿದ ಬಿಳಿ ಪಂಚೆಯ ಮೇಲೆ ಅದರ ವರದಿ ಬಿದ್ದಿರುತ್ತದೆ. ಸಾಗರದ ಕಡೆಯ ಹಳ್ಳಿಯಲ್ಲಿ, ಕಾಲು ತೊಳೆಯದೆ ಜಗಲಿ ಹತ್ತಿದ್ದಕ್ಕೆ ಬೈಸಿಕೊಂಡೇ ದೊಡ್ಡವನಾದ ನನಗೆ, ಮಣ್ಣೇ ಇಲ್ಲದೆ ಸೊಪ್ಪು ಬೆಳೆಯಬಹುದೆಂದು ತಿಳಿದಾಗ ಆದ ಸಂತೋಷ ಕೃಷಿಕನದ್ದಲ್ಲ, ತಕರಾರಿನಿಂದ ಪಾರಾದವನದು.

ಹೈಡ್ರೋಪೋನಿಕ್ಸ್ ಎಂಬ ಈ ವಿದ್ಯೆಗೆ ಪ್ರಯೋಗಾಲಯವೇ ಬೇಕೇನೋ ಅನ್ನಿಸುತ್ತದೆ. ಬೇಕಾದದ್ದು ಮುಚ್ಚಳವಿರುವ ಒಂದು ಬಕೆಟ್ಟು, ಮುಚ್ಚಳದಲ್ಲಿ ತೂತು, ತೂತಿನಲ್ಲಿ ಕೂರುವ ಜಾಲರಿ ಕಪ್ಪು, ಕಪ್ಪಿನಲ್ಲಿ ಒಂದು ಹಿಡಿ ಕೋಕೋಪೀಟ್. ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿಯೇ ಈ ಕೋಕೋಪೀಟ್. ಊರಲ್ಲಿ ಸಿಪ್ಪೆಯನ್ನು ಇಡಿಯಾಗಿ ಬಚ್ಚಲೊಲೆಗೆ ಹಾಕುತ್ತಿದ್ದೆವು, ಇಲ್ಲಿ ಅದರ ಪುಡಿಗೆ ಪ್ಲಾಸ್ಟಿಕ್ ಸುತ್ತಿ, ಇಟ್ಟಿಗೆ ಮಾಡಿ, ಬೆಲೆ ಅಂಟಿಸಿ ಮಾರುತ್ತಾರೆ. ಬಕೆಟ್ಟು ಕಪ್ಪಾಗಿರಬೇಕು. ಬೆಳಕು ಒಳಗೆ ಹೋದರೆ ಗಿಡಕ್ಕಿಂತ ಮೊದಲು ಪಾಚಿ ಬೆಳೆಯುತ್ತದೆ.

ನನ್ನ ಸೋದರಳಿಯ ಮೀನಿನ ತೊಟ್ಟಿಗೆ ಹಾಕುವ ಏರ್ ಪಂಪು ಬೇಕೇ ಬೇಕು ಎಂದ. ಬೇರಿಗೂ ಉಸಿರಾಡಲು ಆಮ್ಲಜನಕ ಬೇಕು, ನಿಂತ ನೀರಿನಲ್ಲಿ ಅದು ಬೇಗ ಮುಗಿಯುತ್ತದೆ, ಮಾತು ಸರಿಯೇ. ಆದರೆ ಕರೆಂಟು ಹೋದಾಗ? “ಗಿಡಕ್ಕೂ ಯುಪಿಎಸ್ಸೇನ್ರೀ?” ಎಂದಳು ಹೆಂಡತಿ. ಅಲ್ಲಿಗೆ ಪಂಪಿನ ಪ್ರಸ್ತಾಪ ಬಿದ್ದುಹೋಯಿತು. ಹಿಡಿದದ್ದು ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿಯವರ ದಾರಿ. ಪಂಪಿಲ್ಲ, ವಿದ್ಯುತ್ತಿಲ್ಲ. ಕಪ್ಪಿನ ತಳ ಮುಟ್ಟುವಷ್ಟು ಪೋಷಕಾಂಶದ ನೀರು ತುಂಬಿ ಸುಮ್ಮನಿರುವುದು. ಗಿಡ ಕುಡಿದಂತೆ ನೀರು ಇಳಿಯುತ್ತದೆ. ಮೇಲೆ ಖಾಲಿಯಾದ ಜಾಗದಲ್ಲಿ ತೂಗುವ ಬೇರು ಗಾಳಿ ಹೀರುತ್ತದೆ, ಕೆಳಗಿನದು ನೀರು ಹೀರುತ್ತದೆ. ಪ್ರೀತಿ ಉಕ್ಕಿ ಮತ್ತೆ ಕಂಠಮಟ್ಟ ತುಂಬಿದಿರೋ, ಗಾಳಿಗೆ ಒಗ್ಗಿದ ಬೇರು ಉಸಿರುಗಟ್ಟುತ್ತದೆ. ಸೋಮಾರಿತನವನ್ನು ನಿಯಮವಾಗಿ ಪಾಲಿಸಬೇಕಾದ ಕೃಷಿ ಇದೊಂದೇ ಇರಬೇಕು.

ಊರಿನಿಂದ ಬಂದ ಅಮ್ಮ ಬಕೆಟ್ಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದಳು: “ಮಣ್ಣಿಲ್ದೆ ಅದು ತಿನ್ನೋದಾದ್ರೂ ಏನನ್ನ ಮಾರಾಯ?”

ಈ ಪ್ರಶ್ನೆ ಅಮ್ಮನಿಗಿಂತ ಬಹಳ ಹಳೆಯದು. ಬ್ರಸೆಲ್ಸ್ ಕಡೆಯ ವಾನ್ ಹೆಲ್ಮಾಂಟ್ ಎಂಬಾತ 200 ಪೌಂಡ್ ಒಣಮಣ್ಣು ತೂಗಿ, ಅದರಲ್ಲಿ 5 ಪೌಂಡಿನ ವಿಲೋ ಸಸಿ ನೆಟ್ಟು, ಐದು ವರ್ಷ ಬರೀ ನೀರು ಹಾಕಿದ. ಮರ 169 ಪೌಂಡ್ ತೂಗಿತು. ಮಣ್ಣಿನಲ್ಲಿ ಕಡಿಮೆಯಾದದ್ದು ಒಂದೆರಡು ಔನ್ಸು. ಮರವೆಂದರೆ ನೀರೇ ಎಂದು ಆತ ತೀರ್ಮಾನಿಸಿದ. ಗಾಳಿಯ ಪಾಲು ಅವನಿಗೆ ಹೊಳೆಯಲಿಲ್ಲ. ಆತ ಸತ್ತ ಮೇಲೆ, 1648ರಲ್ಲಿ ಇದು ಅಚ್ಚಾಯಿತು. ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಪುದೀನದ ಜಾತಿಯ ಗಿಡವನ್ನು ಬೇರೆ ಬೇರೆ ನೀರಿನಲ್ಲಿಟ್ಟು ನೋಡಿ, 1699ರಲ್ಲಿ ಫಲಿತಾಂಶ ಪ್ರಕಟಿಸಿದ. ಮಳೆನೀರಿಗಿಂತ ತೋಟದ ಮಣ್ಣು ಕಲಸಿದ ನೀರಿನಲ್ಲೇ ಗಿಡ ಹುಲುಸಾಗಿ ಬಂತು. ಅಂದರೆ ಆ ಒಂದೆರಡು ಔನ್ಸಿನಲ್ಲೇ ಎಲ್ಲ ಗುಟ್ಟೂ ಇತ್ತು. ಸಾರಜನಕ, ರಂಜಕ, ಪೊಟ್ಯಾಷ್, ಸುಣ್ಣ, ಮೆಗ್ನೀಸಿಯಂ, ಚಿಟಿಕೆ ಕಬ್ಬಿಣ: ಇಷ್ಟು ಈಗ ಎರಡು ಬಾಟಲಿಯಲ್ಲಿ ಬರುತ್ತದೆ, ಎ ಮತ್ತು ಬಿ. ಒಂದರಲ್ಲಿ ಕ್ಯಾಲ್ಸಿಯಂ, ಇನ್ನೊಂದರಲ್ಲಿ ಸಲ್ಫೇಟು, ಫಾಸ್ಫೇಟು. ನೀರಿಗೆ ಹಾಕುವ ಮೊದಲೇ ಎರಡನ್ನೂ ಒಂದು ಲೋಟದಲ್ಲಿ ಕೂಡಿಸಿದರೆ ಜಗಳವಾಡಿ ಬೆಳ್ಳಗೆ ಗಷ್ಟು ಕಟ್ಟುತ್ತವೆ. ಅಮ್ಮನಿಗೆ ಇದು ಕೂಡಲೇ ಅರ್ಥವಾಯಿತು. ಅವಳೂ ಇಬ್ಬರು ವಾರಗಿತ್ತಿಯರೊಂದಿಗೆ ಒಂದೇ ಅಡುಗೆಮನೆಯಲ್ಲಿ ಬಾಳಿದವಳು.

ಮಣ್ಣು ನಮ್ಮೂರಿನ ಶೆಟ್ಟರ ಅಂಗಡಿ. ಇವತ್ತು ಗೊಬ್ಬರ ಹಾಕಲಿಲ್ಲವೇ, ಇರಲಿ ಬಿಡಿ, ಮುಂದಿನ ತಿಂಗಳು ಹಾಕಿ ಎಂದು ಖಾತೆಯಲ್ಲಿ ಬರೆದುಕೊಳ್ಳುತ್ತದೆ. ಹುಳಿ ಹೆಚ್ಚಾದರೂ ಉಪ್ಪು ಹೆಚ್ಚಾದರೂ ತಾನೇ ಒಂದಿಷ್ಟು ನುಂಗಿಕೊಳ್ಳುತ್ತದೆ. ನೀರಿನಲ್ಲಿ ಆ ದಾಕ್ಷಿಣ್ಯವಿಲ್ಲ. ‘ಇಂದು ನಗದು ನಾಳೆ ಉದ್ರಿ’ ಎಂಬ ಬೋರ್ಡು ಬಕೆಟ್ಟಿನ ಒಳಗೇ ತೂಗುಹಾಕಿರುತ್ತದೆ. ಪಿಎಚ್ 5.5ರಿಂದ 6.5ರೊಳಗೆ ಇರಬೇಕು. ಮೇಲೆ ಹತ್ತಿದರೆ ಕಬ್ಬಿಣ ನೀರಿನಲ್ಲಿದ್ದೂ ಗಿಡದ ಬಾಯಿಗೆ ಸಿಗುವುದಿಲ್ಲ, ಹೊಸ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು ಉಳಿಯುತ್ತದೆ. ನಮ್ಮ ಬೋರ್‌ವೆಲ್ ನೀರಿಗೆ ಯಾರೂ ಏನೂ ಬೆರೆಸುವ ಮೊದಲೇ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರು ನೂರುಗಳಲ್ಲಿ ಮಾತಾಡುತ್ತದೆ. ಕಾವೇರಿ ನೀರು ಬಿಡುವ ದಿನ ನೋಡಿಕೊಂಡು ಎರಡನ್ನೂ ಬೆರೆಸುತ್ತೇನೆ. ಮೀಟರು ಕೈಗೆ ಬಂದ ಹೊಸದರಲ್ಲಿ ಎಳನೀರು, ಮಜ್ಜಿಗೆ, ತಿಳಿಸಾರು ಯಾವುದನ್ನೂ ಬಿಟ್ಟವನಲ್ಲ. ಸಾರಿನ ಲೆಕ್ಕ ಸಾವಿರಗಳಲ್ಲಿ ಬಂತು. ಹೆಂಡತಿ ಮೀಟರನ್ನು ಕಸಿದು ಬಾಲ್ಕನಿಗೆ ಗಡಿಪಾರು ಮಾಡಿದಳು.

ಆದರೆ ಉದ್ರಿ ಕೊಡದ ಈ ನೀರು ಒಂದು ವಿಷಯದಲ್ಲಿ ಮಣ್ಣಿಗಿಂತ ಉದಾರಿ. ಹುಡುಗನಾಗಿದ್ದಾಗ ಹಿತ್ತಲಲ್ಲಿ ಅಜ್ಜಿ ಊರಿದ ಅವರೆ ಬೀಜ ಮೊಳೆಯಿತೋ ಇಲ್ಲವೋ ಎಂದು ದಿನಾ ಕೆದಕಿ ನೋಡುತ್ತಿದ್ದೆ. ಅವಳು ಬೈಯುತ್ತಿದ್ದಳು, ಕೆದಕಿದ ಬೀಜ ಮುನಿಸಿಕೊಂಡು ಕೊಳೆಯುತ್ತಿತ್ತು. ಈಗ ಕೇಳುವವರಿಲ್ಲ. ಮುಚ್ಚಳ ಒಂದು ಬೆರಳಷ್ಟು ಎತ್ತಿದರೆ ಸಾಕು: ಜಾಲರಿಯ ಕಿಂಡಿ ಕಿಂಡಿಯಿಂದ ಹೊರಬಿದ್ದ ಅಚ್ಚ ಬಿಳಿ ಬೇರು, ತೇವದ ಗಾಳಿಯಲ್ಲಿ ಸಣ್ಣ ರೋಮ ಎಬ್ಬಿಸಿಕೊಂಡು ನಿಂತ ಮೇಲಿನ ಭಾಗ, ತುದಿಯಲ್ಲಿ ಜಾರಲೋ ಬೇಡವೋ ಎನ್ನುವ ಒಂದು ಹನಿ. ನೋಡುತ್ತಾ ಕಾಫಿ ಆರಿಹೋಗುತ್ತದೆ. ಬೈಯಲು ಅಜ್ಜಿಯೊಬ್ಬಳು ಇದ್ದಿದ್ದರೆ ಇನ್ನೂ ಚೆನ್ನಾಗಿತ್ತು.

ಬಕೆಟ್ಟಿಗೆ ಹಾಕಿದ್ದ ಲೆಟ್ಯೂಸ್ ಬಂತು, ಎಲೆ ಎಲೆಯಾಗಿ, ಜಾಹೀರಾತಿನ ಹಾಗೆಯೇ ಬಂತು. ನಮ್ಮ ಮನೆಯಲ್ಲಿ ಅದನ್ನು ತಿನ್ನುವವರು ಯಾರು ಎಂಬ ಪ್ರಶ್ನೆ ಆಮೇಲೆ ಎದ್ದಿತು. ಅಮ್ಮ ಒಂದು ಎಲೆ ಅಗಿದು, ಸಣ್ಣಗೆ ಕಹಿ ಇದೆ, ಅಡ್ಡಿಯಿಲ್ಲ ಎಂದು ಜೀರಿಗೆ, ಕಾಯಿ, ಮಜ್ಜಿಗೆ ಹಾಕಿ ತಂಬುಳಿ ಮಾಡಿಬಿಟ್ಟಳು. “ನಮ್ಮ ಬಚ್ಚಲ ಹಿಂದೆ ಕೆಸು, ಒಂದೆಲಗ ಬರ್ತಿತ್ತಲ್ಲ, ಅದಕ್ಕೆ ಯಾರು ಮೀಟರ್ ಇಟ್ಟಿದ್ರು?” ಎಂದು ಬಡಿಸುತ್ತಾ ಕೇಳಿದಳು. ಬಾಯಲ್ಲಿ ತಂಬುಳಿ ಇದ್ದುದರಿಂದ ನಾನು ಉತ್ತರಿಸಲಿಲ್ಲ.

ಕೊಯ್ಲಾದ ಮೇಲೆ ತಳದಲ್ಲಿ ಉಳಿದ ನೀರನ್ನು ಚರಂಡಿಗೆ ಸುರಿಯಲು ಹೊರಟಾಗ ತಡೆದವಳೂ ಅವಳೇ. ಕೆಳಗೆ, ಪಾರ್ಕಿಂಗ್ ಮೂಲೆಯಲ್ಲಿ, ಕಟ್ಟಡ ಕಟ್ಟಿದ ಕಾಲದ ಜಲ್ಲಿ ಸಿಮೆಂಟಿನ ನಡುವೆ ಒಂದು ಕಡ್ಡಿ ಕರಿಬೇವು ಹೇಗೋ ಜೀವ ಹಿಡಿದುಕೊಂಡಿತ್ತು. ಪ್ರತಿ ಕೊಯ್ಲಿನ ಉಳಿಕೆ ನೀರು ಈಗ ಅದರ ಬುಡಕ್ಕೆ ಹೋಗುತ್ತದೆ. ಅಳತೆಯಿಲ್ಲ, ಪಿಎಚ್ ಇಲ್ಲ. ಆಳೆತ್ತರ ಬೆಳೆದು ನಿಂತಿದೆ. ಬೆಳಗ್ಗೆ ಒಗ್ಗರಣೆಯ ಹೊತ್ತಿಗೆ ಎಲ್ಲ ಮಹಡಿಯವರೂ ಇಳಿದು ಬಂದು ಎರಡೆರಡು ಕಡ್ಡಿ ಮುರಿದುಕೊಳ್ಳುತ್ತಾ, ಈ ಜಾಗದ ಮಣ್ಣು ಒಳ್ಳೆಯದು ಎಂದು ಮಾತಾಡಿಕೊಳ್ಳುತ್ತಾರೆ.