ಸತ್ತರೂ ಮುಗಿಯದ ಆಟ

ವಿಡಿಯೋ ಗೇಮ್‌ಗಳಲ್ಲಿ ಒಳ್ಳೆಯ ಬರವಣಿಗೆ ಎಲ್ಲಿದೆ ಎಂದು ಯಾರನ್ನು ಕೇಳಿದರೂ ಒಂದು ಹೆಸರು ಬಂದೇ ಬರುತ್ತದೆ: ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’. ಅಮೆರಿಕದ ಬ್ಲ್ಯಾಕ್ ಐಲ್ ಸ್ಟುಡಿಯೋಸ್ 1999ರ ಡಿಸೆಂಬರಿನಲ್ಲಿ ತಂದ ರೋಲ್ ಪ್ಲೇಯಿಂಗ್ ಗೇಮ್ ಇದು. ಮುಖ್ಯ ವಿನ್ಯಾಸಕ ಕ್ರಿಸ್ ಅವೆಲೋನ್. ಆಗ ನಾಲ್ಕು ಸೀಡಿಗಳಲ್ಲಿ ಬಂದಿತ್ತು, ಹೆಚ್ಚು ಮಾರಾಟವಾಗಲಿಲ್ಲ. ಕೀರ್ತಿ ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಯಿತು. ಹೊಗಳುವವರು ಮೊದಲು ಎತ್ತುವುದು ಅದರ ಗಾತ್ರವನ್ನು. ಸುಮಾರು 8 ಲಕ್ಷ ಪದಗಳಂತೆ, ಹತ್ತು ಕಾದಂಬರಿಗಾಗುವಷ್ಟಂತೆ. ಈ ಲೆಕ್ಕ ಕಿವಿಗೆ ಬಿದ್ದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಪದ ಎಣಿಸಿ ಕೃತಿಯನ್ನು ತೂಗುವುದುಂಟೇ? ಈ ಆಟಕ್ಕೆ ಸಂದ ಹೆಸರು ಸಲ್ಲತಕ್ಕದ್ದೇ. ಆದರೆ ಅದು ಸಲ್ಲುವುದು ಬೇರೆ ಕಾರಣಕ್ಕೆ.

ಶವಾಗಾರದ ಕಲ್ಲುಹಾಸಿನ ಮೇಲೆ ಒಬ್ಬ ಕಣ್ಣು ಬಿಡುತ್ತಾನೆ. ಮೈತುಂಬ ಗಾಯದ ಗುರುತು, ಬೆನ್ನ ಮೇಲೆ ಹಚ್ಚೆಯಲ್ಲಿ ಬರೆದ ಸೂಚನೆ. ತನ್ನ ಹೆಸರು ಅವನಿಗೆ ಗೊತ್ತಿಲ್ಲ. ಗಾಳಿಯಲ್ಲಿ ತೇಲುವ ತಲೆಬುರುಡೆಯೊಂದು ಬಂದು ಆ ಹಚ್ಚೆಯನ್ನು ಓದಿ ಹೇಳುತ್ತದೆ. ಅದರ ಹೆಸರು ಮಾರ್ಟೆ. ಓದುವಾಗ ಕೊನೆಯ ಸಾಲೊಂದನ್ನು ಅದು ನುಂಗಿಕೊಂಡಿದೆ. ಈ ಬುರುಡೆಯನ್ನು ನಂಬಬೇಡ ಎಂಬ ಸಾಲು! ನಮಗೆ ಅದು ತಿಳಿಯುವುದು ಎಷ್ಟೋ ಹೊತ್ತಿನ ಮೇಲೆ, ಅಷ್ಟರಲ್ಲಿ ಮಾರ್ಟೆಯ ಮೇಲೆ ನಮಗೆ ಜೀವವೇ ಕೂತಿರುತ್ತದೆ.

ನನ್ನ ಅಣ್ಣನ ಮಗ ಕಾಲೇಜು ಓದುವ ಹುಡುಗ, ಹೊಸ ಆಟಗಳೆಲ್ಲ ಅವನ ಬೆರಳ ತುದಿಯಲ್ಲಿ. ಅರ್ಧ ಗಂಟೆ ನನ್ನ ಪಕ್ಕ ಕೂತು ನೋಡಿದವನು, “ಚಿಕ್ಕಪ್ಪ, ಬರೀ ಓದೋದೇ ಆಯ್ತಲ್ಲ, ಆಡೋದು ಯಾವಾಗ?” ಎಂದ. ಅವನ ಪ್ರಶ್ನೆ ನ್ಯಾಯವಾದದ್ದೇ. ಆದರೆ ತಾಳಮದ್ದಳೆ ಕೇಳಿ ಬೆಳೆದವನಿಗೆ ಇದು ತೀರ ಹೊಸತೆನಿಸುವುದಿಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಬಾಣ ನಾಟಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಲೇ ಇರುತ್ತಾನೆ, ಗಂಟೆ ಉರುಳುತ್ತದೆ, ಯಾರೂ ಎದ್ದು ಹೋಗುವುದಿಲ್ಲ. ಟಾರ್ಮೆಂಟ್‌ನಲ್ಲೂ ಕತ್ತಿಗಿಂತ ಮಾತು ಹರಿತ. ಕೊನೆಯ ಎದುರಾಳಿಯನ್ನೂ ಹೊಡೆಯದೆ ಮಾತಿನಲ್ಲೇ ಸೋಲಿಸಬಹುದು. ತೋಳ್ಬಲಕ್ಕಿಂತ ವಿವೇಕ, ಬುದ್ಧಿ ಹೆಚ್ಚಿರುವ ನಾಯಕನಿಗೆ ಇಲ್ಲಿ ಹೆಚ್ಚು ಬಾಗಿಲು ತೆರೆಯುತ್ತವೆ.

ಇನ್ನು ಮುಂದಿನದನ್ನು ಕಥೆಯ ಗುಟ್ಟು ಒಡೆಯದೆ ಹೇಳಲಾಗದು. ಇಪ್ಪತ್ತೈದು ವರ್ಷ ದಾಟಿದ ಆಟ, ಓದುಗರು ಮನ್ನಿಸಬೇಕು.

ಯಾವ ವಿಡಿಯೋ ಗೇಮ್‌ನಲ್ಲಾದರೂ ನಾಯಕ ಸಾಯುತ್ತಾನೆ, ಮತ್ತೆ ಎದ್ದು ಬರುತ್ತಾನೆ. ನಾವದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಟಾರ್ಮೆಂಟ್‌ನ ನಾಯಕನೂ ಸತ್ತರೆ ಶವಾಗಾರದಲ್ಲೋ ಇನ್ನೆಲ್ಲೋ ಮತ್ತೆ ಎದ್ದು ಕೂರುತ್ತಾನೆ. ಎಷ್ಟೋ ಕಾಲದ ಹಿಂದೆ ಅವನು ತನ್ನ ಮರಣವನ್ನೇ ತನ್ನಿಂದ ಬೇರ್ಪಡಿಸಿಕೊಂಡಿದ್ದಾನೆ. ಸಾವೊಂದು ಕಳೆದರೆ ನೆನಪು ಅಳಿಸಿ ಇನ್ನೊಂದು ಬದುಕು ಶುರು. ಆಡುವವರಿಗೆ ಇದು ಸೊಗಸಾದ ಅನುಕೂಲ. ಒಂದೆರಡು ಒಗಟುಗಳನ್ನು ಬೇಕೆಂದೇ ಸತ್ತು ಬಿಡಿಸಿಕೊಳ್ಳುವುದೂ ಉಂಟು. ಕೊನೆಯ ಕೋಟೆಗೆ ಕಾಲಿಟ್ಟಾಗ ನಿಜ ಬಯಲಾಗುತ್ತದೆ: ಅವನು ಸತ್ತ ಒಂದೊಂದು ಸಲವೂ ಅವನ ಬದಲಿಗೆ ಎಲ್ಲೋ ಇನ್ನೊಂದು ಜೀವ ಸತ್ತಿದೆ. ದಾರಿಯುದ್ದಕ್ಕೂ ಬೆನ್ನಟ್ಟಿ ಬಂದ ನೆರಳುಗಳೆಲ್ಲ ಹಾಗೆ ಸತ್ತವರೇ. ಆಟ ಅಂದಮೇಲೆ ಇದ್ದದ್ದೇ ಎಂದು ನಾವು ಬಿಟ್ಟುಬಿಟ್ಟಿದ್ದ ಒಂದು ಸೌಕರ್ಯವನ್ನು ಈ ಆಟ ಎತ್ತಿ ಹಿಡಿದು, ಇದರ ಬೆಲೆ ಯಾರು ತೆತ್ತರು ಎಂದು ನಮ್ಮನ್ನೇ ಕೇಳುತ್ತದೆ. ಕಾದಂಬರಿಯಲ್ಲಿ ಓದಿದ್ದರೆ ಮರುಕ ಹುಟ್ಟುತ್ತಿತ್ತು, ಅಷ್ಟೆ. ಇಲ್ಲಿ ಸಾಯಲು ಗುಂಡಿ ಒತ್ತಿದ ಬೆರಳು ನಮ್ಮದೇ.

ಡಕ್‌ಕೋನ್‌ನ ಮಾತು ಹೇಳಬೇಕು. ಟಾರ್ಮೆಂಟ್ ಅಂದರೆ ನನಗೆ ಮೊದಲು ಅವನೇ. ಗಿತ್ಜರೈ ಎಂಬ ಜನಾಂಗದ ಮುದುಕ. ಆ ಜನ ಒಂದು ಕಾಲದಲ್ಲಿ ಗುಲಾಮರಾಗಿದ್ದು, ದಂಗೆಯೆದ್ದು ಬಿಡುಗಡೆ ಪಡೆದವರು. ಆದ್ದರಿಂದ ಅವರಿಗೆ ಸ್ವಾತಂತ್ರ್ಯಕ್ಕಿಂತ ದೊಡ್ಡದಿಲ್ಲ. ಅಂಥವನು ನಮ್ಮ ನಾಯಕನ ಹಿಂದೆ ಆಣೆಗೆ ಕಟ್ಟುಬಿದ್ದು ನಡೆಯುತ್ತಾನೆ. ಯಾಕೆಂದು ಕೇಳಿದರೆ ಬಾಯಿ ಬಿಡುವುದಿಲ್ಲ. ಅವನ ಬಳಿ ಒಂದು ಕಲ್ಲಿನ ಬಿಲ್ಲೆಯಿದೆ, ತಿರುಗಿಸಿದರೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಅವರ ಮೂಲಪುರುಷ ಜರ್ಥಿಮೋನ್‌ನ ಚರಿತೆ ಅದರೊಳಗಿದೆ. ಒಂದು ಪದರ ಓದಿ ಅರ್ಥ ಹೇಳಿದರೆ ಮುಂದಿನದು ಸಿಗುತ್ತದೆ. ಸುಮ್ಮನೆ ಒಪ್ಪಿಸಿದರೆ ಗುರು ಬಿಡುವುದಿಲ್ಲ, ನಿನಗೆ ತಿಳಿದದ್ದೇನು ಎಂದು ಕೆದಕುತ್ತಾನೆ. ಹೀಗೆ ಓದುತ್ತ ಹೋದಂತೆ ವಿವೇಕವಿರುವ ಶಿಷ್ಯ ಗುರು ತಲುಪದ ಪದರಕ್ಕೂ ಹೋಗಿ, ಗುರುವಿಗೇ ಕಾಣದಿದ್ದುದನ್ನು ತೋರಿಸಿಕೊಡುತ್ತಾನೆ. ಡಕ್‌ಕೋನ್‌ನ ಕತ್ತಿ ಅವನ ಮನಸ್ಸಿನ ಸ್ಥಿತಿಯಂತೆ ರೂಪ ತಾಳುವಂಥದು. ಶಂಕೆಯಿಂದ ಅದು ಮಂಕಾಗಿದೆ. ಶಂಕೆ ಹರಿದಂತೆ ಅದಕ್ಕೆ ಕಸುವು ಮರಳುತ್ತದೆ.

ಎದೆ ಒಡೆಯುವ ಸಂಗತಿ ಆಮೇಲೆ ತಿಳಿಯುತ್ತದೆ. ಆ ಬಿಲ್ಲೆಯನ್ನು ಅವನಿಗೆ ಕೊಟ್ಟವನು ನಮ್ಮ ನಾಯಕನೇ, ಹಿಂದಿನ ಒಂದು ಬದುಕಿನಲ್ಲಿ. ನಂಬಿಕೆ ಕಳೆದುಕೊಂಡು ಕುಸಿಯುತ್ತಿದ್ದ ಮುದುಕನನ್ನು ಉಳಿಸಿದ್ದು ಕರುಣೆಯಿಂದಲ್ಲ, ಆ ಕತ್ತಿ ಬೇಕಿತ್ತು ಎಂದು. ಧರ್ಮಗ್ರಂಥವನ್ನು ಸರಪಳಿ ಮಾಡಿ ಕಟ್ಟಿಹಾಕಿದ್ದು. ಹಾಗಾದರೆ ಇಷ್ಟು ಹೊತ್ತು ಗುರು ಶಿಷ್ಯರು ಕೂಡಿ ಕಂಡ ಅರ್ಥವೆಲ್ಲ ಸುಳ್ಳೇ? ಕೆಟ್ಟ ಕೈಯಿಂದ ಬಂದ ತಿಳಿವು ತಿಳಿವಲ್ಲವೇ? ಆಟ ಉತ್ತರ ಹೇಳುವುದಿಲ್ಲ. ಎಷ್ಟೋ ರಾತ್ರಿ ನಾನು ಈ ಪ್ರಶ್ನೆಯನ್ನು ತಲೆದಿಂಬಿಗೆ ಒಯ್ದಿದ್ದೇನೆ. ಗುರುಪರಂಪರೆ, ಶಾಸ್ತ್ರ, ಅಧಿಕಾರ ಮೂರೂ ಹೆಣೆದುಕೊಂಡ ನಾಡಿನಲ್ಲಿ ಹುಟ್ಟಿದವರಿಗೆ ಈ ಭಾಗ ಇನ್ನಷ್ಟು ಹತ್ತಿರಕ್ಕೆ ಬರುತ್ತದೆ ಎಂದೇ ನನ್ನ ನಂಬಿಕೆ.

ಡಿಯೊನಾರಾ ಎಂಬ ಹೆಣ್ಣಿನ ಕಥೆಯೂ ಇಂಥದೇ. ಅವಳ ಪ್ರೇತ ಶವಾಗಾರದಲ್ಲೇ ಎದುರಾಗುತ್ತದೆ. ಅವಳು ಇವನನ್ನು ಪ್ರೀತಿಸಿ ಸತ್ತವಳು, ಇವನು ಆ ಪ್ರೀತಿಯನ್ನು ಉಪಯೋಗಕ್ಕೆ ಹಚ್ಚಿದವನು. ನನಗೆ ನೆನಪಿಲ್ಲ ಎಂದುಬಿಟ್ಟರೆ ಸಾಲ ತೀರಿತೇ? ಹಿಂದಿನ ಜನ್ಮದ ಫಲ ಎಂಬ ಮಾತು ನಮ್ಮ ಬಾಯಲ್ಲಿ ಬಲು ಸಲೀಸು. ಅದನ್ನು ನಾವು ಆಡುವುದು ಹೆಚ್ಚಾಗಿ ನಮಗೆ ಬಂದ ಕಷ್ಟದ ಬಗ್ಗೆ. ನಾವು ಇನ್ನೊಬ್ಬರಿಗೆ ಕೊಟ್ಟ ಕಷ್ಟದ ಬಗ್ಗೆ ಅದನ್ನು ಆಡಿಸುತ್ತದೆ ಈ ಆಟ.

ಬರವಣಿಗೆಯ ಹೆಚ್ಚುಗಾರಿಕೆ ತೋರುವ ಇನ್ನೊಂದು ಸಣ್ಣ ಕುಸುರಿ. ಮಾತುಕತೆಯಲ್ಲಿ ನಾವು ಆಯ್ದುಕೊಳ್ಳುವ ಉತ್ತರಗಳಲ್ಲಿ ಕೆಲವೊಮ್ಮೆ ಒಂದೇ ವಾಕ್ಯ ಎರಡು ಸಲ ಇರುತ್ತದೆ. ಒಂದರ ಮುಂದೆ ನಿಜ ಎಂದಿದೆ, ಇನ್ನೊಂದರ ಮುಂದೆ ಸುಳ್ಳು ಎಂದಿದೆ. ನಿನಗೆ ನೆರವಾಗುತ್ತೇನೆ ಎಂದು ಮನಸಾರೆ ಹೇಳುತ್ತೀಯೋ, ಹೇಳಿ ಜಾರಿಕೊಳ್ಳುತ್ತೀಯೋ? ಕೇಳಿಸಿಕೊಂಡವರಿಗೆ ಎರಡೂ ಒಂದೇ. ಹೇಳಿದವನ ಸ್ವಭಾವ ಮಾತ್ರ ಅಲ್ಲೇ ಬದಲಾಗುತ್ತದೆ. 8 ಲಕ್ಷ ಪದಗಳಿಗಿಂತ ಈ ಜೋಡಿ ವಾಕ್ಯವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಕುಂದುಗಳಿಲ್ಲವೇ? ಇವೆ, ಅಭಿಮಾನಿಗಳು ಅವನ್ನು ಮರೆಮಾಚುವುದು ಆಟಕ್ಕೆ ಮಾಡುವ ಅನ್ಯಾಯ. ಕಾಳಗ ಬಹಳ ನೀರಸ. ಬಯೋವೇರ್ ಕಂಪನಿ ‘ಬಾಲ್ಡರ್ಸ್ ಗೇಟ್’ಗೆಂದು ಕಟ್ಟಿದ ಎಂಜಿನ್ ಇಲ್ಲಿಯದೂ. ಅಲ್ಲಿ ಯುದ್ಧಕ್ಕೊಂದು ತಂತ್ರವಿತ್ತು, ಇಲ್ಲಿ ಬರೀ ನೂಕುನುಗ್ಗಲು. ಸಿಗಿಲ್ ಎಂಬ ಉಂಗುರದಾಕಾರದ ನಗರದಲ್ಲಿ ಇರುವಷ್ಟು ಹೊತ್ತು ಬೀದಿಬೀದಿಯೂ ಜೀವಂತ. ಒಂದು ಗಲ್ಲಿಯೇ ಹೆರಿಗೆ ನೋವು ತಿಂದು ಇನ್ನೊಂದು ಗಲ್ಲಿಯನ್ನು ಹೆರುತ್ತದೆ! ಅಂಥ ನಗರ ಬಿಟ್ಟು ಕರ್ಸ್ಟ್ ಊರಿನ ದಾರಿ ಹಿಡಿದ ಮೇಲೆ ಕಥೆ ತೆಳುವಾಗುತ್ತದೆ, ಹೊಡೆದಾಟ ಹೆಚ್ಚುತ್ತದೆ, ಆತುರ ಎದ್ದು ಕಾಣುತ್ತದೆ. ಇಷ್ಟು ಸೂಕ್ಷ್ಮವಾಗಿ ಬರೆದ ಹೆಣ್ಣುಪಾತ್ರಗಳಿಗೆ ತೊಡಿಸಿದ ಉಡುಪನ್ನು ನೋಡಿದರೆ ಬೇಸರವೂ ಆಗುತ್ತದೆ. ಆ ಕಾಲದ ಆಟಗಳೆಲ್ಲ ಹಾಗೇ ಇದ್ದವು ಎಂಬ ಸಮಾಧಾನ ನನಗೆ ಸಾಲದು.

ಎಸ್ಟೋನಿಯಾ ಮೂಲದವರು 2019ರಲ್ಲಿ ತಂದ ‘ಡಿಸ್ಕೋ ಎಲಿಸಿಯಂ’ ಮಾಮೂಲಿ ಕಾಳಗವನ್ನೇ ಕಿತ್ತುಹಾಕಿ ಮಾತಿನಲ್ಲೇ ಆಟ ಕಟ್ಟಿತು. ಅದರ ನಾಯಕನೂ ನೆನಪು ಕಳೆದುಕೊಂಡು ಏಳುವವನೇ. ಕೈಗೆಲಸದಲ್ಲಿ ಅದು ಟಾರ್ಮೆಂಟ್‌ಗಿಂತ ಮೇಲು ಎಂದು ಒಪ್ಪುತ್ತೇನೆ. ಆದರೂ ಡಕ್‌ಕೋನ್‌ನ ಬಿಲ್ಲೆಯ ಎದುರು ಇಡಬಲ್ಲಂಥದ್ದು ನನಗೆ ಅದರಲ್ಲಿ ಸಿಗಲಿಲ್ಲ.

2017ರಲ್ಲಿ ಬೀಮ್‌ಡಾಗ್ ಸಂಸ್ಥೆ ಪರಿಷ್ಕರಿಸಿ ತಂದ ಆವೃತ್ತಿ ಈಗಿನ ಕಂಪ್ಯೂಟರಿನಲ್ಲೂ ಟ್ಯಾಬ್ಲೆಟ್‌ನಲ್ಲೂ ನಡೆಯುತ್ತದೆ. ಆಡುವುದಾದರೆ ನಾಯಕನಿಗೆ ವಿವೇಕವನ್ನು ಧಾರಾಳವಾಗಿ ಕೊಡಿ, ಕಾಳಗವನ್ನು ಸುಲಭಕ್ಕೆ ಇಳಿಸಿಕೊಳ್ಳಿ. ಆಟದ ಮೊದಲ ಭಾಗದಲ್ಲೇ ಕಂಚಿನ ಗೋಳವೊಂದು ಕೈಗೆ ಬರುತ್ತದೆ, ಕೊಳೆತ ಮೊಟ್ಟೆಯಂತೆ ನಾರುವ, ಯಾವ ಕೆಲಸಕ್ಕೂ ಬಾರದ ವಸ್ತು. ಮಾರಿದ್ದರೆ, ಎಸೆದಿದ್ದರೆ ಹೋಗಿ ಮತ್ತೆ ತನ್ನಿ. ಕಡೆಯಲ್ಲಿ ನಾಯಕನಿಗೆ ತನ್ನ ಹೆಸರು ತಿಳಿಯುವುದು ಅದರಿಂದಲೇ. ಆ ಹೆಸರನ್ನು ಆಡುವವರಿಗೆ ಮಾತ್ರ ಹೇಳುವುದಿಲ್ಲ.