ಟೆಸ್ಟಿನ ಹೊತ್ತು ಹೋದದ್ದೆಲ್ಲಿ?

2000ರ ದಶಕದ ಆರಂಭದಲ್ಲಿ ಬೆಂಗಳೂರಿನ ಎಷ್ಟೋ ಟೆಸ್ಟಿಂಗ್ ತಂಡಗಳ ಮುಖ್ಯ ಸಲಕರಣೆ ಎಕ್ಸೆಲ್ ಹಾಳೆ. ಒಂದು ಕಾಲಂನಲ್ಲಿ ಮಾಡಬೇಕಾದ ಕ್ರಮ, ಪಕ್ಕದಲ್ಲಿ ಬರಬೇಕಾದ ಉತ್ತರ, ಕೊನೆಯಲ್ಲಿ ಪಾಸ್ ಅಥವಾ ಫೇಲ್. ರಿಲೀಸ್ ಹತ್ತಿರ ಬಂತೆಂದರೆ ಎಲೆಕ್ಟ್ರಾನಿಕ್ ಸಿಟಿಯಲ್ಲೂ ವೈಟ್‌ಫೀಲ್ಡಿನಲ್ಲೂ ಹುಡುಗ ಹುಡುಗಿಯರು ಅದೇ ಲಾಗಿನ್ ಪುಟವನ್ನು ರಾತ್ರಿಯವರೆಗೆ ಮತ್ತೆ ಮತ್ತೆ ತೆರೆದು ಮುಚ್ಚುತ್ತಿದ್ದರು. ಕೈಯಲ್ಲಿ ಕಾಸಿದ್ದ ಕಂಪನಿಗಳು ಮರ್ಕ್ಯುರಿ ಇಂಟರ್‌ಆ್ಯಕ್ಟಿವ್‌ನ ವಿನ್‌ರನ್ನರ್ ಲೈಸೆನ್ಸ್ ಕೊಳ್ಳುತ್ತಿದ್ದವು. ಮನುಷ್ಯರ ಬದಲು ಯಂತ್ರ ಓಡುತ್ತದಲ್ಲ, ಅದೇ ದೊಡ್ಡದು. ಎಷ್ಟು ಹೊತ್ತು ಓಡಿತೆಂದು ಕೇಳುವವರು ಕಡಿಮೆ.

ಪುಕ್ಕಟೆ ಸಾಧನಗಳು ಬಂದ ಮೇಲೆ ಚಿತ್ರ ಬದಲಾಯಿತು. ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ 1997ರಲ್ಲಿ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೊರಟ ವಿಮಾನದಲ್ಲಿ ಬರೆಯತೊಡಗಿದ ಜೆಯೂನಿಟ್ ಅಷ್ಟರಲ್ಲಿ ಜಾವಾದವರ ದಿನಬಳಕೆಯಾಗಿತ್ತು. ಚಿಕಾಗೋದ ಥಾಟ್‌ವರ್ಕ್ಸ್‌ನಲ್ಲಿ ಜೇಸನ್ ಹಗಿನ್ಸ್ 2004ರಲ್ಲಿ ಬ್ರೌಸರನ್ನು ತಾನೇ ನಡೆಸುವ ಸೆಲೆನಿಯಂ ಕಟ್ಟಿದರು. ಹಡ್ಸನ್ ಎಂಬ ಬಿಲ್ಡ್ ಸರ್ವರ್ 2011ರಲ್ಲಿ ಜೆಂಕಿನ್ಸ್ ಎಂಬ ಹೆಸರು ಪಡೆಯಿತು. ಬೆಳಿಗ್ಗೆ ಲೀಡ್ ಬ್ಯಾಗ್ ಇಡುವ ಮೊದಲೇ ಕೇಳುತ್ತಿದ್ದ ಪ್ರಶ್ನೆ: “ಏನಪ್ಪಾ, ನೈಟ್ ಬಿಲ್ಡ್ ಕೆಂಪೋ, ಪಾಸೋ?”

ಟೆಸ್ಟುಗಳು ನೂರರಿಂದ ಸಾವಿರಕ್ಕೆ ಏರಿದವು. ಬೆಕ್ ತಮ್ಮ ‘ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಕ್ಸ್‌ಪ್ಲೇನ್ಡ್’ ಪುಸ್ತಕದ ಎರಡನೇ ಆವೃತ್ತಿಯಲ್ಲಿ ಬಿಲ್ಡು, ಟೆಸ್ಟು ಎಲ್ಲ ಸೇರಿ 10 ನಿಮಿಷದೊಳಗೆ ಮುಗಿಯಬೇಕೆಂದಿದ್ದರು. ಇಲ್ಲಿ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಕಾಯಲಾರದ ಡೆವಲಪರ್‌ಗಳು ನಾಲ್ಕಾರು ಬದಲಾವಣೆಗಳನ್ನು ಕೂಡಿಹಾಕಿ ಒಮ್ಮೆಲೇ ಒಪ್ಪಿಸತೊಡಗಿದರು. ಫೇಲಾದರೆ ತಪ್ಪು ಯಾವುದರಲ್ಲಿ, ಯಾರದು ಎಂಬ ವಾದಕ್ಕೆ ಅರ್ಧ ದಿನ.

ಮೊದಲು ಹೊಳೆದ ಮದ್ದು ಯಂತ್ರ ಹೆಚ್ಚಿಸುವುದು. ಟೆಸ್ಟುಗಳ ಇಡೀ ಗುಂಪನ್ನು, ಅಂದರೆ ಸೂಟನ್ನು, ತುಂಡು ಮಾಡಿ ಒಟ್ಟಿಗೆ ಓಡಿಸಿದರು. ಸ್ವಲ್ಪ ದಿನ ಹಗುರವೆನಿಸಿತು. ಆದರೆ ಎಲ್ಲಕ್ಕಿಂತ ಉದ್ದದ ತುಂಡು ಮುಗಿಯುವವರೆಗೆ ಉಳಿದ ಯಂತ್ರಗಳು ಸುಮ್ಮನೆ ಕೂರಬೇಕು. ಕ್ಲೌಡಿನ ಬಿಲ್ ಮಾತ್ರ ಏರಬೇಕು.

ಹೊತ್ತು ಎಲ್ಲಿ ಹೋಗುತ್ತದೆಂದು ಅಳೆಯುವ ವಿದ್ಯೆ ಹೊಸದೇನಲ್ಲ. ಬರ್ಕ್ಲಿಯ ಸಂಶೋಧಕರು ಯಾವ ಫಂಕ್ಷನ್ ಎಷ್ಟು ಹೊತ್ತು ತಿನ್ನುತ್ತದೆಂದು ತೋರಿಸುವ ಜಿಪ್ರೊಫ್ ಎಂಬ ಪ್ರೊಫೈಲರ್ ಬಗ್ಗೆ 1982ರಲ್ಲೇ ಪ್ರಬಂಧ ಪ್ರಕಟಿಸಿದ್ದರು. ಪ್ರಾಡಕ್ಟ್ ನಿಧಾನವಾದರೆ ಪ್ರೊಫೈಲರ್ ಹಚ್ಚುತ್ತಿದ್ದವರಿಗೆ ಅದನ್ನೇ ಟೆಸ್ಟುಗಳಿಗೂ ಹಚ್ಚಬಹುದೆಂದು ಹೊಳೆದದ್ದು ತಡವಾಗಿ. ರೂಬಿಯ ಟೆಸ್ಟ್ ಸಾಧನ ಆರ್‌ಸ್ಪೆಕ್‌ನಲ್ಲಿ ‘ಪ್ರೊಫೈಲ್’ ಎಂಬ ಆಯ್ಕೆ, ಪೈಥಾನಿನ ಪೈಟೆಸ್ಟ್‌ನಲ್ಲಿ ‘ಡ್ಯೂರೇಷನ್ಸ್’. ಅತಿ ನಿಧಾನದ ಟೆಸ್ಟುಗಳ ಪಟ್ಟಿ ಪರದೆಗೆ ಬರುತ್ತದೆ. ಆ ಪಟ್ಟಿಯಲ್ಲಿ ಮೊದಲು ಸಿಕ್ಕಿಬಿದ್ದವರಲ್ಲಿ ಸೆಲೆನಿಯಂ ಕೋಡಿನ ‘ಸ್ಲೀಪ್’ಗಳಿದ್ದವು. ಪುಟ ಅರ್ಧ ಸೆಕೆಂಡಿನಲ್ಲಿ ತೆರೆದರೂ ಟೆಸ್ಟು ಐದು ಸೆಕೆಂಡ್ ನಿದ್ದೆ ಹೊಡೆಯುತ್ತಿತ್ತು. ಬೇಕಾದ ಬಟನ್ ಕಾಣಿಸಿದ ಕೂಡಲೇ ಮುಂದೆ ಹೋಗುವ ‘ವೆಯ್ಟ್’ ಬರೆದರೆ ಅಷ್ಟೂ ಹೊತ್ತು ಉಳಿತಾಯ.

ಆಮೇಲಿನದು ಹುಡುಕುವುದು ಕಷ್ಟ. ಹೊತ್ತು ಹತ್ತಿಪ್ಪತ್ತು ಟೆಸ್ಟುಗಳಲ್ಲಿ ಗುಡ್ಡೆಯಾಗಿರದೆ ಸಾವಿರಾರು ಟೆಸ್ಟುಗಳಲ್ಲಿ ತೆಳ್ಳಗೆ ಹರಡಿತ್ತು. ಬ್ರೆಂಡನ್ ಗ್ರೆಗ್ 2011ರಲ್ಲಿ ರೂಪಿಸಿದ ಫ್ಲೇಮ್ ಗ್ರಾಫ್ ಇಲ್ಲಿ ನೆರವಿಗೆ ಬಂತು: ಅದರಲ್ಲಿ ಒಂದೊಂದು ಫಂಕ್ಷನ್ನಿಗೆ ಒಂದೊಂದು ಅಡ್ಡಪಟ್ಟಿ, ಅದು ಅಗಲವಾದಷ್ಟೂ ಹೊತ್ತು ಹೆಚ್ಚು. ಟೆಸ್ಟಿನ ತಪಾಸಣೆಯ ಸಾಲು ಕೂದಲೆಳೆಯಷ್ಟು ಸಣ್ಣ. ಅದಕ್ಕೆ ಮುಂಚಿನ ತಯಾರಿಯೇ ಅಗಲ. ಉದಾಹರಣೆಗೆ ಪಾಸ್‌ವರ್ಡ್ ಹ್ಯಾಶ್ ಮಾಡುವ ಕ್ರಮ. ಕಳ್ಳರಿಗೆ ಕಷ್ಟವಾಗಲೆಂದು ಅದನ್ನು ಬೇಕೆಂದೇ ನಿಧಾನ ಮಾಡಿರುತ್ತಾರೆ. ಪ್ರತಿ ಟೆಸ್ಟಿಗೂ ಹೊಸ ಬಳಕೆದಾರನನ್ನು ಸೃಷ್ಟಿಸಿದರೆ ಆ ದಂಡ ಪ್ರತಿ ಸಲವೂ ತೆರಬೇಕು. ಟೆಸ್ಟಿನಲ್ಲಿ ಹಗುರ ಹ್ಯಾಶರ್ ಬಳಸಿ ಎಂದು ಪೈಥಾನಿನ ವೆಬ್ ಚೌಕಟ್ಟಾದ ಜಾಂಗೋದ ಕೈಪಿಡಿಯೇ ಹೇಳುತ್ತದೆ.

ರೂಬಿ ಲೋಕದಲ್ಲಿ ಇನ್ನೊಂದು ಸೋರಿಕೆ. ಒಂದು ಕಾಮೆಂಟ್ ಬೇಕೆಂದರೆ, ಟೆಸ್ಟಿಗೆ ದಾಖಲೆ ಹುಟ್ಟಿಸಿಕೊಡುವ ಫ್ಯಾಕ್ಟರಿಯು ಅದರ ಲೇಖನ, ಲೇಖನದ ಲೇಖಕ, ಲೇಖಕನ ಕಂಪನಿ ಎಲ್ಲವನ್ನೂ ಡೇಟಾಬೇಸಿಗೆ ಬರೆಯುತ್ತದೆ. ಲೋಟ ಕಾಫಿಗೆಂದು ಪ್ರತಿ ಸಲ ಹೊಸ ಹಸು ತಂದು ಕಟ್ಟಿದಂತೆ. ಈವಿಲ್ ಮಾರ್ಷನ್ಸ್‌ನ ವ್ಲಾದಿಮಿರ್ ದೆಮೆಂತ್ಯೆವ್ ರೂಪಿಸಿದ ಟೆಸ್ಟ್‌ಪ್ರಾಫ್, ಟೆಸ್ಟು ನೇರವಾಗಿ ಕೇಳಿದ ದಾಖಲೆ ಎಷ್ಟು, ಬೆನ್ನಿಗೆ ಹುಟ್ಟಿದ್ದು ಸೇರಿ ಒಟ್ಟು ಎಷ್ಟು ಎಂದು ಪಕ್ಕಪಕ್ಕದಲ್ಲಿ ಎಣಿಸಿ ತೋರಿಸಿತು. ಆ ಎರಡು ಅಂಕಿಗಳ ಅಂತರ ಕಂಡ ಮೇಲೆ ವಾದಕ್ಕೆ ಜಾಗ ಉಳಿಯಲಿಲ್ಲ. ಒಂದು ಗುಂಪಿನ ಟೆಸ್ಟುಗಳಿಗೆಲ್ಲ ಒಂದೇ ದಾಖಲೆಯನ್ನು ಹಂಚುವ ರೂಢಿ ಬಂತು.

ಇದರೊಂದಿಗೆ ಕಸುಬೂ ಬದಲಾಯಿತು. ಎಕ್ಸೆಲ್ ತುಂಬುತ್ತಿದ್ದವರಲ್ಲಿ ಕೆಲವರು ಕೋಡ್ ಕಲಿತು ಡೇಟಾಬೇಸಿನ ಕ್ವೆರಿಗಳನ್ನು ಎಣಿಸುವವರಾದರು. ಕಲಿಯಲು ಅವಕಾಶ ಸಿಗದ ಕೆಲವರು ಟೆಸ್ಟಿಂಗನ್ನೇ ಬಿಟ್ಟರು. ಬಳಕೆದಾರನ ಹಾಗೆ ಪುಟವನ್ನು ಕಣ್ಣಿಟ್ಟು ನೋಡುವ ಅವರ ಅಭ್ಯಾಸ ಯಾವ ಗ್ರಾಫಿನಲ್ಲೂ ಬರುವುದಿಲ್ಲ, ಆ ನಷ್ಟವನ್ನು ಅನೇಕ ತಂಡಗಳು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಇವತ್ತಿಗೂ ಸೂಟ್ ನಿಧಾನವೆಂದರೆ ಮ್ಯಾನೇಜರ್ ಮೇಜಿಗೆ ಮೊದಲು ಹೋಗುವುದು ಹೆಚ್ಚಿನ ಸರ್ವರ್‌ಗಳ ಬೇಡಿಕೆ. ಆ ಮೇಲ್ ಕಳಿಸುವ ಮೊದಲು ನಿಮ್ಮ ಸೂಟನ್ನು ಒಮ್ಮೆ ಪ್ರೊಫೈಲ್ ಮಾಡಿ ನೋಡಿ. ಅದಕ್ಕೆ ಲೈಸೆನ್ಸೂ ಬೇಡ, ಅನುಮತಿಯೂ ಬೇಡ.