ನಕ್ಷೆಯಲ್ಲಿ ಏನು ಬಿಟ್ಟುಹೋಗಿದೆ?

2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಸ್ವಯಂಸೇವಕರೇ ಕಟ್ಟುತ್ತಿರುವ ನಕ್ಷೆ. ಅದು ಎಷ್ಟು ಸರಿ? ಲಂಡನ್ನಿನ ಪ್ರಾಧ್ಯಾಪಕ ಮುಕಿ ಹಕ್ಲೇ ಇಂಗ್ಲೆಂಡಿನ ಸರ್ಕಾರಿ ನಕ್ಷೆಯ ಜೊತೆ ಅದನ್ನು ಹೋಲಿಸಿ ನೋಡಿ, ಫಲಿತಾಂಶವನ್ನು 2010ರಲ್ಲಿ ಪ್ರಕಟಿಸಿದರು. ಎರಡರ ಗೆರೆಗಳ ನಡುವೆ ಸರಾಸರಿ ವ್ಯತ್ಯಾಸ ಸುಮಾರು 6 ಮೀಟರ್ ಅಷ್ಟೇ. ಆದರೆ ಬಡವರು ಹೆಚ್ಚಿರುವ ಕಡೆ ನಕ್ಷೆ ತುಂಬಿರಲಿಲ್ಲ. ನನಗೆ ದೊಡ್ಡದಾಗಿ ಕಾಣುವುದು ಈ ಎರಡನೇ ಮಾತು.

ನಮ್ಮ ಕಡೆಯನ್ನೇ ನೋಡಿ. ಕೊಳ್ಳೇಗಾಲದ ಪೇಟೆ ಬೀದಿಗಳನ್ನು ಉಪಗ್ರಹ ಚಿತ್ರ ಇಟ್ಟುಕೊಂಡು ಎಲ್ಲೋ ಕೂತವರೂ ಗೆರೆ ಎಳೆಯಬಹುದು. ಯಳಂದೂರು ದಾಟಿ ಬಿಳಿಗಿರಿರಂಗನ ಬೆಟ್ಟ ಹತ್ತಿದರೆ ಆ ಆಟ ನಡೆಯದು. ಮರಗಳ ಅಡಿಯ ಕಾಲುದಾರಿ ಮೇಲಿನಿಂದ ಕಾಣುವುದೇ ಇಲ್ಲ. ಪೋಡಿನ (ಕಾಡಿನ ಹಾಡಿಯ) ಹೆಸರು ಅಲ್ಲಿನ ಬುಡಕಟ್ಟಿನವರಾದ ಸೋಲಿಗರನ್ನು ಕೇಳದೆ ಸಿಗುವುದಿಲ್ಲ. ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗರ ಜೊತೆಗೇ ಕಾಡು ಸುತ್ತಿ, ಅವರ ನೂರಾರು ಪವಿತ್ರ ತಾಣಗಳನ್ನು ನಕ್ಷೆಗೆ ತಂದರು. ಗುಣಮಟ್ಟ ಅಂದರೆ ನನ್ನ ಲೆಕ್ಕದಲ್ಲಿ ಅದು. (ಯಾವುದನ್ನು ಎಲ್ಲರಿಗೂ ತೋರಿಸಬೇಕು ಅನ್ನುವ ತೀರ್ಮಾನವೂ ಸೋಲಿಗರದ್ದೇ ಆಗಬೇಕು.)

ನಕ್ಷೆ ಹಳತಾಗುವುದೂ ಒಂದು ಕೊರತೆಯೇ. ಹನೂರು ಈಗ ಪ್ರತ್ಯೇಕ ತಾಲ್ಲೂಕು. ಅದರಲ್ಲಿರುವ ಮಲೆ ಮಹದೇಶ್ವರ ಬೆಟ್ಟವನ್ನು ಇನ್ನೂ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿಸುವ ನಕ್ಷೆ, ಗೆರೆ ಎಷ್ಟೇ ನಿಖರವಾಗಿದ್ದರೂ ಹಳತೇ. ತಾಳುಬೆಟ್ಟದಿಂದ ಆ ಬೆಟ್ಟಕ್ಕೆ ನಡೆದು ಹೊರಡುವ ಮಾದಪ್ಪನ (ಮಹದೇಶ್ವರನ) ಭಕ್ತರಿಗೆ ಮೀಟರ್ ಲೆಕ್ಕಕ್ಕಿಂತ ಮೊದಲು ಬೇಕಾದ್ದು ಕುಡಿಯುವ ನೀರು ಎಲ್ಲಿದೆ ಅನ್ನುವುದು.

ಒಮ್ಮೆ ನಿಮ್ಮ ಊರನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ತೆರೆದು ನೋಡಿ. ಕೆರೆ, ಅಂಗನವಾಡಿ, ಆಸ್ಪತ್ರೆ, ಬಸ್ ನಿಲ್ಲುವ ಜಾಗ ಇಲ್ಲದಿದ್ದರೆ ಸೇರಿಸಿ. ಹೆಸರನ್ನು ಕನ್ನಡದಲ್ಲೂ ಬರೆಯಿರಿ.